ಒಂದು ಶಾಲೆಗೆ ಒಂದು ಸಾಲು

ಹೋದ ತಿಂಗಳು ಜೇವರ್ಗಿಗೆ ಹೋಗಿದ್ದೆ, ಹೊಲದ ಮಣ್ಣಿನ ಪರೀಕ್ಷೆಯ ವರದಿ ತರಲು. ಕೌಂಟರಿನ ಹಿಂದೆ ಒಂದು ಮುದಿ ಪ್ರಿಂಟರ್ ಕುಳಿತು ನನ್ನ ಹೊಲದ ಯೋಗ್ಯತೆಯನ್ನು ಕರಕರನೆ ಅಚ್ಚು ಹಾಕುತ್ತಿತ್ತು. ಕಾದ ರಿಬ್ಬನ್ನಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ, ಗೊತ್ತಿಲ್ಲದವರು ಪುಣ್ಯವಂತರು. ಹುಡುಗಿ ಕಾಗದ ಹರಿದು ಕೊಟ್ಟಳು. ನೋಡಿದರೆ ನನ್ನ ಹೆಸರು ಚೌಕದೊಳಗಿಲ್ಲ. ಗೆರೆಯ ಮೇಲೆ, ಅರ್ಧ ಆಚೆ ಅರ್ಧ ಈಚೆ ಕಾಲು ಇಳಿಬಿಟ್ಟುಕೊಂಡು ಕುಳಿತಿದೆ.

"ತಂಗಿ, ಹೆಸರು ಗೆರಿ ಮ್ಯಾಲ ಕುಂತದಲ್ಲವ್ವ."

"ಅಯ್ಯ, ಅದು ಹಂಗ ಬರ್ತದರಿ ಕಾಕಾ. ಓದಾಕ ಬಂದ್ರ ಸಾಕಲ್ರಿ?"

ಅವಳ ಮಾತು ಸರಿಯೇ. ಮಣ್ಣಿಗೇನೂ ಬೇಜಾರಾಗಿರಲಿಲ್ಲ. ಆದರೆ ನಾನು ಕಾಗದ ಮಡಚದೆ ಅಲ್ಲೇ ನಿಂತೆ. ಇದೇ ಜೇವರ್ಗಿಯಲ್ಲಿ, ತೊಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ, ಹೀಗೆ ಗೆರೆಯ ಮೇಲೆ ಕುಳಿತ ಹೆಸರುಗಳಿಂದ ಒಬ್ಬ ಮನುಷ್ಯನ ಅನ್ನ ಹೋಗುವುದರಲ್ಲಿತ್ತು.

ನಾನು ಆಗ ಕೆಲಸ ಮಾಡುತ್ತಿದ್ದ ಕಚೇರಿಯ ಹೆಸರು ಬರೆಯುವುದಿಲ್ಲ. ಅದು ಈಗ ಇಲ್ಲ. ಇಲ್ಲದವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು, ಅಷ್ಟು ಒಳ್ಳೆಯದು ನನ್ನ ಬಳಿ ದಾಸ್ತಾನಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕಿನ ಮಕ್ಕಳ ಪರೀಕ್ಷೆಯ ಹಾಲ್ ಟಿಕೆಟುಗಳನ್ನು ಅಲ್ಲಿಯವರೆಗೆ ಗುಮಾಸ್ತರು ಕೈಯಲ್ಲಿ ಬರೆಯುತ್ತಿದ್ದರು. ಆ ವರ್ಷ ಯಂತ್ರ ಬರೆಯಲಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ಊರಾಚೆಯ ಹಳೆಯ ಹತ್ತಿ ಗೋದಾಮಿಗೆ ಸುಣ್ಣ ಬಳಿದು, ನಾಲ್ಕು ಜನ ಹೊತ್ತು ತಂದು, ಅದರೊಳಗೆ ಲೈನ್ ಪ್ರಿಂಟರನ್ನು ಪ್ರತಿಷ್ಠಾಪಿಸಿದರು. ಅಕ್ಷರಕ್ಕೊಂದು ಏಟು ಹೊಡೆಯುವ ಬಡ ಯಂತ್ರವಲ್ಲ ಅದು. ಒಂದೇ ಏಟಿಗೆ ಇಡೀ ಸಾಲು. ಶುರುವಾದರೆ ಮೇಲಿನ ತಗಡು ನಡುಗಿ, ತೊಲೆಯ ಸಂದಿಯಲ್ಲಿ ಉಳಿದಿದ್ದ ಹತ್ತಿಯ ಎಳೆಗಳು ನಮ್ಮ ತಲೆಯ ಮೇಲೆ ಉದುರುತ್ತಿದ್ದವು. ಸಂಜೆಗೆ ನಾವೆಲ್ಲ ಹತ್ತು ವರ್ಷ ಮುದುಕರಾಗಿ ಮನೆಗೆ ಹೋಗುತ್ತಿದ್ದೆವು.

ಕಾಗದವೂ ಸಾಮಾನ್ಯದ್ದಲ್ಲ. ಮಡಿಕೆ ಮಡಿಕೆಯಾಗಿ ಡಬ್ಬಿಯಿಂದ ಏಳುವ ಒಂದೇ ಉದ್ದನೆಯ ಪಟ್ಟಿ, ಎರಡೂ ಅಂಚಿಗೆ ಯಂತ್ರದ ಹಲ್ಲಿಗೆ ಕೂಡುವ ತೂತು, ಮೂಲೆಯಲ್ಲಿ ಕೆಂಪು ನಂಬರು. ಒಂದರ ಕೆಳಗೊಂದು ಚೌಕಗಳು ಮೊದಲೇ ಅಚ್ಚಾಗಿ ಬಂದಿದ್ದವು: ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಶಾಲೆ, ಪರೀಕ್ಷಾ ಕೇಂದ್ರ. ಪ್ರತಿ ಚೌಕ ಮೂರು ಸಾಲಿನ ಎತ್ತರ, ಅಕ್ಷರ ನಡುಸಾಲಿನಲ್ಲಿ ಬೀಳಬೇಕು. ಹೆಸರು ತನ್ನ ಚೌಕದಲ್ಲಿಲ್ಲದ ಚೀಟಿ ತಂದವರನ್ನು ಪರೀಕ್ಷೆಗೆ ಕೂಡಿಸಕೂಡದೆಂದು ಸುತ್ತೋಲೆ ಬೇರೆ ಬಂದಿತ್ತು. ಕೆಡುವ ಹಾಳೆಗಳಿಗೆಂದು ಹೆಚ್ಚಿಗೆ ಕೊಟ್ಟದ್ದು ನೂರೇ ನೂರು. ಹೊಸದು ಬೇಕೆಂದರೆ ಬೆಂಗಳೂರಿಗೆ ಬರೆಯಬೇಕು. ಪರೀಕ್ಷೆ ಸೋಮವಾರ. ಶನಿವಾರ ಸಂಜೆ ನಾಲ್ಕಕ್ಕೆ ಜೀಪು ಅಫಜಲಪುರದ ಮೇಲೆ ಹಾಯ್ದು ಆಳಂದಕ್ಕೆ ಹೊರಡಬೇಕು. ನಾವು ಶುರುಮಾಡಿದ್ದು ಗುರುವಾರ.

ಇಲ್ಲಿ ಆ ಯಂತ್ರದ ಸ್ವಭಾವ ಸ್ವಲ್ಪ ಹೇಳಬೇಕು. ಅದಕ್ಕೆ ಎರಡು ತರಹದ ಮಾತು ತಿಳಿಯುತ್ತಿತ್ತು. ಒಂದು, 'ಇದನ್ನು ಬರಿ' ಎಂಬ ಮಾತು. ಅದು ಕಾಗದದ ಮೇಲೆ ಕಾಣುತ್ತದೆ. ಇನ್ನೊಂದು, 'ಹೀಗೆ ನಡಿ' ಎಂಬ ಅಪ್ಪಣೆ. ಅದು ಕಾಣುವುದಿಲ್ಲ, ಯಂತ್ರ ಕಿವಿಯಲ್ಲಿ ಕೇಳಿ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ನಮ್ಮ ಅಪ್ಪಣೆಗಳು ಮೂರು. ಹಿಂದಿನದೆಲ್ಲ ಮರೆ. ಒಂದಿಂಚಿಗೆ ಆರು ಸಾಲು ಹೊಡಿ. ಒಂದು ಚೀಟಿಗೆ ಇಪ್ಪತ್ತನಾಲ್ಕು ಸಾಲು, ಈಗ ನಿಂತಿರುವ ಜಾಗವೇ ಅದರ ಮೊದಲ ಸಾಲು. ಈ ಮೂರನ್ನೂ ಒಂದು ಸಣ್ಣ ಫೈಲಿನಲ್ಲಿ ಬರೆದಿಟ್ಟು, ಪ್ರತಿಯೊಂದು ಶಾಲೆಯ ಹೆಸರುಗಳಿಗಿಂತ ಮುಂಚೆ ಯಂತ್ರಕ್ಕೆ ಕಳಿಸುವ ಪದ್ಧತಿ ಮಾಡಿದೆವು. ಕರೆಂಟು ಯಾವಾಗ ಹೋಗುತ್ತದೋ, ಹೋಗಿ ಬಂದರೆ ಯಂತ್ರ ಎಲ್ಲ ಮರೆಯುತ್ತದೆ. ಶಾಲೆಗೊಮ್ಮೆ ಹೊಸದಾಗಿ ಹೇಳಿಬಿಟ್ಟರೆ ಚಿಂತೆಯಿಲ್ಲ. ಈ ಮುಂದಾಲೋಚನೆ ನನ್ನದು. ಫೈಲು ಟೈಪು ಮಾಡಿದವನೂ ನಾನೇ. ಸಾಹೇಬರು ಬೆನ್ನು ತಟ್ಟಿದ್ದರು.

ಸಾಹೇಬರೆಂದರೆ ಬಿರಾದಾರರು. ಒಳ್ಳೆಯ ಮನುಷ್ಯರು, ಆದರೆ ಒಳ್ಳೆಯತನವನ್ನು ಕಚೇರಿಯ ವೇಳೆಯಲ್ಲಿ ಖರ್ಚು ಮಾಡುತ್ತಿರಲಿಲ್ಲ. ಅಚ್ಚಾದ ಹೆಸರುಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಲು ಸುಲೋಚನಾಬಾಯಿ ಇದ್ದರು. ಯಂತ್ರ ನಡೆಸುವವನು ಗಫೂರ್, ಆಳಂದದವನು. ಏಳು ವರ್ಷದಿಂದ ಹಂಗಾಮಿ. ಅವನನ್ನು ಕಾಯಂ ಮಾಡುವ ಆರ್ಡರು ಆ ವರ್ಷ ಅಂತೂ ಬಂದು, ಬಿರಾದಾರರ ಸಹಿಗಾಗಿ ಅವರ ಡ್ರಾವರಿನಲ್ಲಿ ಮಲಗಿತ್ತು. "ಈ ಕೆಲಸ ನೆಟ್ಟಗ ಮುಗೀಲಿ, ಸಹಿ ಹಾಕ್ತೇನಿ" ಎಂದಿದ್ದರು. ಕಾಗದದ ಹೊಸ ಡಬ್ಬಿ ಒಡೆದಾಗಲೆಲ್ಲ ಗಫೂರ್ ಅದರ ಮುಚ್ಚಳದ ಮೇಲೆ ಸುಣ್ಣದ ಕಡ್ಡಿಯಿಂದ, ಬಿಸ್ಮಿಲ್ಲಾದ ಲೆಕ್ಕದಲ್ಲಿ, 786 ಎಂದು ಬರೆದು, ಆಮೇಲೆ ಕಾಗದಕ್ಕೆ ಕೈ ಹಚ್ಚುತ್ತಿದ್ದ.

ನಮ್ಮಲ್ಲಿಯೂ ಹಾಗೇ. ನಮ್ಮಪ್ಪ ಅಗಸನಿಗೆ ಹಾಕಿದ ಬಟ್ಟೆಯ ಪಟ್ಟಿಗೂ ಮೇಲೆ 'ಶ್ರೀ ಗುರುಬಸವಲಿಂಗಾಯ ನಮಃ' ಬರೆಯದೆ ಪಂಚೆ, ಅಂಗಿ ಎಂದು ಮುಂದುವರಿದವರಲ್ಲ. ನಾನು ಕಾಲಕ್ಕೆ ತಕ್ಕಂತೆ ಚುಟುಕು ಮಾಡಿಕೊಂಡಿದ್ದೆ.

ಗುರುವಾರ ಬೆಳಿಗ್ಗೆ ಮೊದಲ ಶಾಲೆಯ ಮೊದಲ ಚೀಟಿ ಹೊರಬಂತು. ನೆತ್ತಿಯ ಮೇಲೆ, ಚೌಕಗಳಿಗಿಂತ ಮೇಲಿನ ಬಯಲಿನಲ್ಲಿ, ಇಂಗ್ಲಿಷ್ ದಪ್ಪಕ್ಷರದಲ್ಲಿ SHRI ಎಂದಿತ್ತು. ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಕೆಳಗೆ ಹೆಸರು, ತಂದೆ, ಶಾಲೆ, ಎಲ್ಲ ತಮ್ಮ ತಮ್ಮ ಚೌಕದ ನಡುವೆ, ಪಂಕ್ತಿಯಲ್ಲಿ ಊಟಕ್ಕೆ ಕುಳಿತವರ ಹಾಗೆ. ಬಿರಾದಾರರು ಚೀಟಿಯನ್ನು ಕಣ್ಣಿಗೊತ್ತಿಕೊಂಡರು.

"ಶುಭ ಆತು ಬಿಡ್ರಿ. ಶರಣಪ್ಪ, ಶಾಣ್ಯಾ ಅದೀರಿ ನೀವು."

ನಾನು ನಾಚಿಕೊಂಡೆ. ಹತ್ತಿ ಉದುರಿತು.

ಎರಡನೆಯ ಶಾಲೆ ಸರಿಯಾಗಿಯೇ ಕಂಡಿತು. ಮೂರನೆಯದನ್ನು ಗದ್ದಲದಲ್ಲಿ ಯಾರೂ ದಿಟ್ಟಿಸಲಿಲ್ಲ. ನಾಲ್ಕನೆಯದರಲ್ಲಿ ಸುಲೋಚನಾಬಾಯಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೂಗಿದರು.

"ಸಾಹೇಬ್ರ, ಬರ್ರಿ ಇಲ್ಲಿ! ಮಗ ಹೋಗಿ ಅಪ್ಪನ ಚೌಕಿನ್ಯಾಗ ಕುಂತಾನ. ಅಪ್ಪ ಶಾಲಿಗೆ ಹೊಂಟಾನ!"

ನಿಜ. ಮಗ ತಂದೆಯ ಮನೆಗಿಳಿದಿದ್ದ, ತಂದೆ ಶಾಲೆಗೆ ಸೇರಿದ್ದ, ಶಾಲೆ ಪರೀಕ್ಷಾ ಕೇಂದ್ರವಾಗಿತ್ತು, ಕೇಂದ್ರ ಸಹಿಯ ಜಾಗಕ್ಕೆ ಬಿದ್ದಿತ್ತು. ವಿದ್ಯಾರ್ಥಿಯ ಚೌಕ ಮಾತ್ರ ಖಾಲಿ.

"ಏ ಗಫೂರ್! ಕಾಗದ ಹ್ಯಾಂಗ ಹಾಕಿದಿಲೇ?"

"ಸರಿ ಹಾಕೀನ್ರಿ ಸಾಹೇಬ್ರ. ತೂತು ಹಲ್ಲಿಗೆ ಸರಿ ಕೂತಾವ."

"ಸರಿ ಕೂತಿದ್ರ ಇದೇನು? ನನ್ನ ಲಗ್ನಪತ್ರಿಕೇನು?"

ಗಫೂರ್ ಯಂತ್ರ ನಿಲ್ಲಿಸಿ, ಕಾಗದ ಬಿಚ್ಚಿ, ಮತ್ತೆ ಹೊಂದಿಸಿದ. ಆಮೇಲಿನ ಶಾಲೆ ನೆಟ್ಟಗೆ ಬಂತು. ಅದರ ಮುಂದಿನದೂ ಬಂತು. ಮೂರು ಶಾಲೆ ದಾಟುವಷ್ಟರಲ್ಲಿ ಹೆಸರುಗಳು ಮತ್ತೆ ಮೆಟ್ಟಿಲಿಳಿಯತೊಡಗಿದ್ದವು. ಸಂಜೆಗೆ ಕೆಟ್ಟ ಹಾಳೆ ನಲವತ್ತು. ಶುಕ್ರವಾರ ಮಧ್ಯಾಹ್ನದೊಳಗೆ ಇನ್ನೂ ಮೂವತ್ತು. ಗಫೂರನ ಕೈ ಬಿದ್ದರೆ ಸರಿಯಾಗುತ್ತದೆ, ಸ್ವಲ್ಪ ಹೊತ್ತಿಗೆ ಕೆಡುತ್ತದೆ. ಬಿರಾದಾರರ ತರ್ಕ ಸರಳವಾಗಿತ್ತು: ಕೆಡುವುದು ಕಾಗದ, ಕಾಗದ ಮುಟ್ಟುವವನು ಗಫೂರ್, ಆದ್ದರಿಂದ ಗಫೂರ್. ನನಗೂ ಅದರಲ್ಲಿ ದೋಷ ಕಾಣಲಿಲ್ಲ. ನನ್ನ ಅಪ್ಪಣೆಗಳನ್ನು ನಾನು ಮೂರು ಸಲ ಓದಿ ನೋಡಿದ್ದೆ. ಮೂರೂ ಸರಿಯಾಗಿದ್ದವು. ಅವು ಮೂರೇ ಇದ್ದವು ಎಂದು ನನ್ನ ನಂಬಿಕೆ.

ಶುಕ್ರವಾರ ಊಟದ ನಂತರ ಪವಾಡವಾಯಿತು. ಒಂದಾದ ಮೇಲೊಂದು ಅಫಜಲಪುರದ ಶಾಲೆಗಳು ಬಂದವು. ಐದು, ಆರು, ಏಳು. ಸೊನ್ನದ ಕಟ್ಟು ಮುಗಿಯಿತು. ಒಂದಕ್ಷರ ಜಾರಲಿಲ್ಲ. ಸುಲೋಚನಾಬಾಯಿ ಲೆಕ್ಕ ಹೇಳುವುದನ್ನೂ ನಿಲ್ಲಿಸಿದ್ದರು, ದೃಷ್ಟಿಯಾದೀತೆಂದು. ಐದರ ಸುಮಾರಿಗೆ ಬಿರಾದಾರರು ಮೆತ್ತಗೆ ಎದ್ದು ಯಂತ್ರದ ಹಿಂದೆ ಹೋದರು. ಮರುಕ್ಷಣ ಅವರ ಕೂಗು ಪ್ರಿಂಟರಿನ ಸದ್ದನ್ನೂ ಮೀರಿತು.

"ಸಿಕ್ಕಿ ನೋಡಲೇ! ಕಳ್ಳನಗತೆ ಗಿರಕಿ ತಿರುವಾಕತ್ತಿ ಏನು?"

ಗಫೂರನ ಕೈ ಪ್ರಿಂಟರಿನ ಬದಿಯ, ಕಾಗದವನ್ನು ಹಿಂದೆ ಮುಂದೆ ಸರಿಸುವ ಗುಂಡನೆಯ ತಿರುಪಿನ ಮೇಲಿತ್ತು. ಬಿರಾದಾರರ ಕೈ ಗಫೂರನ ಮಣಿಕಟ್ಟಿನ ಮೇಲಿತ್ತು. ಯಂತ್ರ ನಡೆದಿರುವಾಗ ಆ ತಿರುಪನ್ನು ಮುಟ್ಟಕೂಡದು ಎಂಬುದು ಗೋಡೆಯ ಮೇಲೆಯೇ ಬರೆದಿತ್ತು.

"ಸಾಹೇಬ್ರ, ಸರಿ ಮಾಡಾಕತ್ತಿದ್ನಿರಿ."

"ಸರಿ ಇದ್ದದ್ದನ್ನ ಏನು ಸರಿ ಮಾಡ್ತಿ? ಎರಡು ದಿನದಿಂದ ಹಿಂಗ ಹಾಳು ಮಾಡಿದ್ಯಾ? ಹೇಳಲೇ, ಯಾಕ ತಿರುವಿದಿ?"

ಗಫೂರ್ ನನ್ನ ಕಡೆಗೊಮ್ಮೆ ನೋಡಿದ.

"ತಪ್ಪಾತ್ರಿ" ಎಂದ.

ಆ ಮೂರಕ್ಷರದ ಮೇಲೆ ಬಿರಾದಾರರು ಒಂದು ಪುಟದ ಮೆಮೊ ಬರೆದರು. ನಿಯಮ ಮೀರಿ ಯಂತ್ರ ಮುಟ್ಟಿ ಅಮೂಲ್ಯ ಹಾಳೆಗಳನ್ನು ಕೆಡಿಸಿದ್ದಕ್ಕೆ ಹಂಗಾಮಿ ಸೇವೆಯಿಂದ ಏಕೆ ತೆಗೆಯಬಾರದು ಎಂಬ ಪ್ರಶ್ನೆ ಅದರಲ್ಲಿತ್ತು. ಡ್ರಾವರಿನಲ್ಲಿ ಕಾಯಂ ಆರ್ಡರಿನ ಮೇಲೆ ಅದನ್ನಿಟ್ಟರು. ಶನಿವಾರ ಗಫೂರ್ ಬರಬೇಕು, ಆದರೆ ಯಂತ್ರಕ್ಕೆ ಕೈ ಹಚ್ಚಕೂಡದು, ಹೊರಗಿನ ಬೇವಿನ ಮರದ ಕೆಳಗೆ ಕಟ್ಟು ಕಟ್ಟಬೇಕು. ಯಂತ್ರ ನಾನು ನಡೆಸಬೇಕು.

ಶನಿವಾರ ಎಂಟಕ್ಕೇ ಬಿಸಿಲು ತಗಡನ್ನು ಕಾಯಿಸಿತ್ತು. ಜೇವರ್ಗಿಯ ಕಟ್ಟುಗಳಲ್ಲಿ ಗುರುವಾರ ಕೆಟ್ಟ ನೆಲೋಗಿಯದು ಇನ್ನೂ ಬಾಕಿ. ಅಲ್ಲಿಯ ಹೆಡ್‌ಮಾಸ್ತರರು ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲೇ ಕುಳಿತಿದ್ದರು. "ಹುಡುಗ್ರು ಕೇಳಾಕತ್ತಾವ್ರಿ. ನಿಮ್ಮ ಮಷೀನಿಗೆ ಆಗಲಿಲ್ಲಂದ್ರ ಹೇಳ್ರಿ, ನಾನ ಕೈಲೆ ಬರೀತೇನಿ." ಬೇರೆ ಹೊತ್ತಾಗಿದ್ದರೆ ನಗು ಬರುತ್ತಿತ್ತು.

ನೆಲೋಗಿಯದು ಸರಿ ಬಂತು. ಮಾಸ್ತರರು ಹತ್ತೂವರೆಯ ಬಸ್ಸಿಗೆ ಓಡಿದರು. ಆಳಂದದ ಮೊದಲ ಶಾಲೆ ಬಂತು. ಎರಡನೆಯದು ಗೆರೆ ಹತ್ತಿತು. ನಾನು ನೋಡುತ್ತಿದ್ದೆ. ನನ್ನ ಕೈ ಎಲ್ಲಿಯೂ ಇರಲಿಲ್ಲ. ಎರಡೂ ಕೈಯನ್ನು ಸಾಕ್ಷಿಗಾಗಿ ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ. ಆದರೂ ಮೂರನೆಯ ಶಾಲೆಯಲ್ಲಿ ಮಗ ಅಪ್ಪನ ಮನೆಗೆ ಇಳಿದ. ನಾನು ಗುಂಡಿ ಒತ್ತಿ ನಿಲ್ಲಿಸುವಷ್ಟರಲ್ಲಿ ಎರಡು ಶಾಲೆಯದೂ ಸೇರಿ ಇಪ್ಪತ್ತಾರು ಹಾಳೆ ಹೋಗಿದ್ದವು.

"ಅಂವ ಏನೋ ಮಾಡಿಟ್ಟು ಹೋಗ್ಯಾನ" ಎಂದರು ಬಿರಾದಾರರು. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಸುಲೋಚನಾಬಾಯಿ ಉಳಿದ ಹಾಳೆ ಎಣಿಸಿದರು. ಬಾಕಿ ಮಕ್ಕಳಿಗಿಂತ ಹೆಚ್ಚಿಗೆ ಉಳಿದದ್ದು ನಾಲ್ಕು. ಗಂಟೆ ಹನ್ನೊಂದು.

ನಾನು ಕೆಟ್ಟ ಹಾಳೆಗಳ ರಾಶಿಯ ಮುಂದೆ ನೆಲದ ಮೇಲೆ ಕುಳಿತೆ. ಗುರುವಾರದಿಂದ ಒಂದೊಂದೇ ತಿರುವಿದೆ. ಒಂದು ಶಾಲೆಯ ಮೊದಲ ಚೀಟಿಯ ನೆತ್ತಿಯ ಹತ್ತಿರ ಪೆನ್ಸಿಲಿನ ಸಣ್ಣ ಚುಕ್ಕೆಯಿತ್ತು. ಮುಂದಿನ ಶಾಲೆಯ ಮೊದಲ ಚೀಟಿಗೆ ಎರಡು ಚುಕ್ಕೆ. ಅದರ ಮುಂದಿನದಕ್ಕೆ ಮೂರು. ಚುಕ್ಕೆಗಳೆಲ್ಲ ಒಂದೇ ಪದದ ಪಕ್ಕದಲ್ಲಿದ್ದವು. SHRI.

ಆಗ ತಿಳಿಯಿತು. ಕೈಗೆ ರೂಢಿಯಾಗಿದ್ದ ಪುಣ್ಯಕಾರ್ಯ. ಅಪ್ಪಣೆಯ ಫೈಲು ತೆರೆದವನೇ, ಅದೂ ಒಂದು ಕಾಗದವೆಂದುಕೊಂಡು, ಮೊದಲ ಸಾಲಿನಲ್ಲಿ ಶ್ರೀಕಾರ ಹಾಕಿದ್ದೆ. ಮೂರು ಸಲ ಓದಿ ನೋಡುವಾಗಲೂ ಅದರ ಕೆಳಗಿನಿಂದಲೇ ಓದಿದ್ದೆ. ಯಾರು ಶ್ರೀಕಾರವನ್ನು ಓದುತ್ತಾರೆ? ಯಂತ್ರಕ್ಕೆ ಆ ಸಂಸ್ಕಾರವಿಲ್ಲ. ಅದು SHRI ಎಂದು ಅಚ್ಚು ಹಾಕಿತು, ಒಂದು ಸಾಲು ಕೆಳಗಿಳಿಯಿತು, ಆಮೇಲೆ 'ಈಗ ನಿಂತಿರುವ ಜಾಗವೇ ಮೊದಲ ಸಾಲು' ಎಂಬ ಅಪ್ಪಣೆ ಕೇಳಿ, ನಿಂತಲ್ಲಿಯೇ ಗೂಟ ಹೊಡೆಯಿತು. ಮೊದಲ ಶಾಲೆಗೆ ಕಾಗದ ಹೊಂದಿಸುವಾಗ ಆ ಸಾಲನ್ನೂ ಹಿಡಿದು ಹೊಂದಿಸಿದ್ದರಿಂದ ಗೊತ್ತಾಗಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಶಾಲೆಗೊಂದು ಶ್ರೀ, ಪ್ರತಿ ಶ್ರೀಗೊಂದು ಸಾಲು. ಮೂರು ದಿನ ಅದು ನಮ್ಮೆಲ್ಲರ ಕಣ್ಣ ಮುಂದೆ ದಪ್ಪಕ್ಷರದಲ್ಲಿ ಇತ್ತು. ಕಾಗದದ ನೆತ್ತಿಯ ಮೇಲೆ ಇರಬೇಕಾದದ್ದೇ ಇದ್ದುದರಿಂದ ಒಬ್ಬರಿಗೂ ಕಾಣಲಿಲ್ಲ. ಒಬ್ಬನಿಗೆ ಕಂಡಿತ್ತು.

ಬೇವಿನ ಕೆಳಗೆ ಹೋದೆ. ಗಫೂರ್ ಹಲ್ಲಿನಲ್ಲಿ ಸುತಳಿ ಹಿಡಿದು ಗಂಟು ಹಾಕುತ್ತಿದ್ದ. ಚೀಟಿ ಮುಂದೆ ಹಿಡಿದೆ.

"ಇದು ನಿನಗ ಯಾವಾಗ ಗೊತ್ತಾತು?"

"ಶುಕ್ರವಾರ ಮುಂಜಾನೆ, ಶರಣಪ್ಪಣ್ಣ. ಊಟ ಆದಮ್ಯಾಲ ಶಾಲಿಗೊಮ್ಮೆ ಒಂದು ಸಾಲು ಹಿಂದಕ್ಕ ತಿರುವಿ ತಿರುವಿ ಬಿಟ್ಟೆ. ನಡದಿತ್ತು. ಹಂಗ ಮುಗದು ಹೋಗ್ತಿತ್ತು."

"ಹೇಳಾಕ ಏನಾಗಿತ್ತೋ ಮಾರಾಯ? ನೌಕರಿ ಹೊಂಟದಲ್ಲ ನಿಂದು!"

ಗಫೂರ್ ಸುತಳಿಯನ್ನು ಬಾಯಿಂದ ತೆಗೆದ.

"ಏನಂತ ಹೇಳಬೇಕ್ರಿ? ಸಾಹೇಬ್ರು ಕಣ್ಣಿಗೊತ್ತಿಕೊಂಡ ಕಾಗದ ಅದು. ಅದರ ಮ್ಯಾಲಿನ ಶ್ರೀ ತೆಗೀರಿ ಅಂತ ನಾ ಹೇಳಬೇಕೇನು? ನಾ?" ಸುತಳಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನೀವ ನೋಡ್ತೀರಿ ಅಂತ ಚುಕ್ಕಿ ಇಟ್ಟಿದ್ದೆ" ಎಂದ.

ನಾನು ಒಳಗೆ ಬಂದು, ಯಾರಿಗೂ ಏನೂ ಹೇಳದೆ, ಫೈಲಿನ ಆ ಸಾಲನ್ನು ಅಳಿಸಿದೆ. ಕಾಗದ ಹೊಂದಿಸಿದೆ. ಗುಂಡಿ ಒತ್ತಿದೆ. ಒಂದು ಶಾಲೆ, ಎರಡು, ಮೂರು, ನಾಲ್ಕು. ನೂಲು ಹಿಡಿದ ಹಾಗೆ. ಬಿರಾದಾರರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು ಮೂರು ದಿನಕ್ಕೆ ಮೊದಲ ಸಲ ಕುರ್ಚಿಗೆ ಬೆನ್ನು ಕೊಟ್ಟರು.

"ನೋಡಿದ್ರ್ಯಾ ಶರಣಪ್ಪ? ಅಂವನ ಕೈ ತಪ್ಪಿದ ಕೂಡಲೇ ಹ್ಯಾಂಗ ನಡದದ. ಮೆಮೊ ಇವತ್ತ ಕಳಿಸ್ತೇನಿ."

ಈ ಘಟ್ಟದಲ್ಲಿ ನಾನು ಕೂಡಲೇ ಎದ್ದು ಸತ್ಯ ನುಡಿದೆನೆಂದು ಬರೆಯಲು ಬಹಳ ಆಸೆ. ನುಡಿಯಲಿಲ್ಲ. ಬಡ್ತಿಯ ಪಟ್ಟಿಯಲ್ಲಿ ಆ ವರ್ಷ ನನ್ನ ಹೆಸರು ಮೇಲಿತ್ತು. ಸಾಲು ಅಳಿಸಿಯಾಗಿತ್ತು, ನಾನು, ಗಫೂರ್ ಬಿಟ್ಟರೆ ಮೂರನೆಯವರಿಗೆ ಗೊತ್ತಾಗುವಂತಿರಲಿಲ್ಲ. ಗಫೂರನಂತೂ ಹೇಳುವುದಿಲ್ಲ. ಯಂತ್ರ ಒಂದು ಇಡೀ ಶಾಲೆ ಹೊಡೆಯುವವರೆಗೆ ನಾನು ಸುಮ್ಮನೆ ಕುಳಿತೆ. ಕಿಟಕಿಯಿಂದ ಅವನು ಕಾಣುತ್ತಿದ್ದ, ಕಟ್ಟಿನ ಮೇಲೆ ಮೊಣಕಾಲೂರಿ ಗಂಟು ಬಿಗಿಯುತ್ತಿದ್ದ. ನಾನೇ ಸರಿಪಡಿಸಿದ ಯಂತ್ರ ಒಂದೊಂದು ಸಾಲು ನೆಟ್ಟಗೆ ಹೊಡೆದಂತೆಲ್ಲ ಅವನ ಮೇಲಿನ ಆರೋಪಕ್ಕೆ ಒಂದೊಂದು ಸಾಕ್ಷಿ ಕೂಡುತ್ತಿತ್ತು.

ಬಿರಾದಾರರು ಡ್ರಾವರ್ ಎಳೆದರು. ಅದರ ಸದ್ದಿಗೆ ನಾನು ಎದ್ದೆ.

"ಸಾಹೇಬ್ರ, ಯಂತ್ರ ಒಂದೀಟು ನಿಲ್ಲಸ್ತೇನಿ. ನಿಮಗೊಂದು ತೋರಸೂದದ."

ಬಿಳಿ ಕಾಗದ ಹಾಕಿದೆ. ಅಳಿಸಿದ ಸಾಲನ್ನು ಮತ್ತೆ ಬರೆದೆ. ಅಪ್ಪಣೆ ನಾಲ್ಕು ಸಲ ಕಳಿಸಿದೆ. ನಾಲ್ಕು SHRI ಬಂತು, ಒಂದಕ್ಕಿಂತ ಒಂದು ಒಂದು ಸಾಲು ಕೆಳಗೆ. ಆಮೇಲೆ ಸಾಲು ಅಳಿಸಿ ಕಳಿಸಿದೆ. ಕಾಗದ ಕದಲಲಿಲ್ಲ. ಬಾಯಿಂದ ಹೇಳಬೇಕಾದದ್ದನ್ನೂ ಹೇಳಿದೆ: ಬರೆದವನು ನಾನು, ಕಂಡುಹಿಡಿದವನು ಅವನು, ನಿನ್ನೆ ತಿರುಪಿನ ಮೇಲಿದ್ದ ಕೈ ಅಫಜಲಪುರದ ಮಕ್ಕಳನ್ನೆಲ್ಲ ಉಳಿಸುತ್ತಿತ್ತು.

ಬಿರಾದಾರರು ಬಿಳಿ ಕಾಗದದ ಮೇಲಿನ ನಾಲ್ಕು SHRIಗಳನ್ನು ಬೆರಳಿಟ್ಟು ಎಣಿಸಿದರು. ಕಣ್ಣಿಗೊತ್ತಿಕೊಳ್ಳಲಿಲ್ಲ.

"ಇಷ್ಟು ಮಂದಿ ನೋಡೇವಲ್ಲ" ಎಂದರು.

"ನಾ ಎಣಿಸೇನಿ ಸುದ್ದಾ" ಎಂದರು ಸುಲೋಚನಾಬಾಯಿ. "ಶಾಲಿಗೊಂದು ಶ್ರೀ ಬಂದದ ಅಂತ ಸಂತೋಷಪಟ್ಟೇನಿ."

ಬಿರಾದಾರರು ಮೆಮೊ ಹೊರತೆಗೆದು, ಗಫೂರನ ಹೆಸರು ಹೊಡೆದು, ಅದೇ ಜಾಗದಲ್ಲಿ ನನ್ನ ಹೆಸರು ಬರೆದರು. ಒಂದು ಪುಟ ಬರೆದದ್ದು ವ್ಯರ್ಥವಾಗುವುದು ಅವರಿಗೆ ಸೇರುತ್ತಿರಲಿಲ್ಲ. ನನ್ನ ಬಡ್ತಿ ಎರಡು ವರ್ಷ ಜಾರಿತು. ಕೆಳಗಿದ್ದ ಇನ್ನೊಂದು ಕಾಗದವನ್ನು ಎಳೆದು, ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಹಿಡಿದೇ ಸಹಿ ಹಾಕಿದರು. "ಕರೀರಿ ಅಂವನ್ನ. ನಾಲ್ಕಕ್ಕ ಜೀಪು ಬರ್ತದ."

ಗಫೂರ್ ಬಂದ. ಯಾರೂ ಭಾಷಣ ಮಾಡಲಿಲ್ಲ, ಹೊತ್ತಿರಲಿಲ್ಲ. ಇನ್ನುಳಿದದ್ದು ಗಡಿಯ ಕಡೆಯ ಶಾಲೆಗಳು, ಕೊನೆಯದು ಹಿರೋಳ್ಳಿ. ಕೊನೆಯ ಡಬ್ಬಿ ಒಡೆಯಬೇಕಿತ್ತು. ಅವನು ಮುಚ್ಚಳ ತೆಗೆದು, ಜೇಬಿನಿಂದ ಸುಣ್ಣದ ಕಡ್ಡಿ ತೆಗೆದು, ಎಂದಿನಂತೆ 786 ಬರೆದ. ಆಮೇಲೆ ಮುಚ್ಚಳವನ್ನು ನನ್ನ ಕಡೆ ತಿರುಗಿಸಿ, ಕಡ್ಡಿಯನ್ನು ನನ್ನ ಕೈಗೆ ಕೊಟ್ಟ.

"ಬರೀರಿ ಅಣ್ಣ, ಜಾಗ ಅದ. ಇಲ್ಲಿ ಎಷ್ಟು ಬರದ್ರೂ ಸಾಲು ಜಾರಂಗಿಲ್ಲ."

ಬರೆದೆ. ಕನ್ನಡದಲ್ಲಿ, ದೊಡ್ಡದಾಗಿ. ಅವನು ಮುಚ್ಚಳವನ್ನು ಗೋಡೆಗೆ ಆನಿಸಿಟ್ಟು, ಕಾಗದದ ತೂತನ್ನು ಹಲ್ಲಿಗೆ ಕೂಡಿಸಿ, ಗುಂಡಿ ಒತ್ತಿದ. ತಗಡು ನಡುಗಿತು, ನಮ್ಮಿಬ್ಬರ ತಲೆಯ ಮೇಲೂ ಹತ್ತಿ ಉದುರಿತು. ಹಿರೋಳ್ಳಿಯ ಮಕ್ಕಳು ಒಬ್ಬೊಬ್ಬರಾಗಿ ತಮ್ಮ ತಮ್ಮ ಚೌಕದಲ್ಲಿ ಬಂದು ಕುಳಿತರು.